ಏಷ್ಯಾದಲ್ಲಿ ರೈಲು ಪ್ರಯಾಣ ಮತ್ತು ಅಲ್ಲಿನ ಜನರ ಒಡನಾಟ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಏಷ್ಯಾದ ಬೇರೆ ದೇಶಗಳಿಗೆ ಹೋಗಿ ಅಲ್ಲಿ ರೈಲಿನಲ್ಲಿ ತಿರುಗಾಡಬೇಕೆನ್ನುವವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಗುಡಿ, ಗೋಪುರ, ಕಡಲತೀರಗಳ ಪಟ್ಟಿ ಇಲ್ಲಿಲ್ಲ. ಗಾಡಿಯಲ್ಲಿ ಎದುರಿಗೆ ಕುಳಿತವರ ಪರಿಚಯ ಮಾಡಿಕೊಳ್ಳುವುದೇ ಪ್ರಯಾಣದ ಉದ್ದೇಶವೆಂದು ತಿಳಿದವರಿಗೆ ಇದು ಉಪಯೋಗಕ್ಕೆ ಬಂದೀತು. ವೀಸಾ ನಿಯಮ ಮತ್ತು ವೇಳಾಪಟ್ಟಿಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳಬೇಕು.

ಹುಬ್ಬಳ್ಳಿಯಲ್ಲಿ ರೈಲು ಹತ್ತಿ ರೈಲಿನಲ್ಲಿಯೇ ವಿದೇಶ ತಲುಪಬಹುದೇ?

ಮಧ್ಯೆ ಗಾಡಿ ಬದಲಿಸಿ ನೇಪಾಳಕ್ಕೆ ತಲುಪಬಹುದು. ಅದರಾಚೆ ಹಳಿಯ ಮೇಲೆಯೇ ಸಾಗುವ ದಾರಿ ತೆರೆದಿದೆಯೆಂದು ನಂಬಿ ಹೊರಡುವಂತಿಲ್ಲ. 1507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವೆನಿಸಿದ ಪ್ಲಾಟ್‌ಫಾರ್ಮ್ 2023ರಿಂದ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿದ್ದರೂ ಅಲ್ಲಿಂದ ಗಡಿ ದಾಟುವ ಗಾಡಿ ಒಂದೂ ಹೊರಡುವುದಿಲ್ಲ. ಪಾಕಿಸ್ತಾನದ ಕಡೆಗಿದ್ದ ಸಮ್‌ಝೌತಾ ಮತ್ತು ಥಾರ್ ಎಕ್ಸ್‌ಪ್ರೆಸ್‌ಗಳು 2019ರ ಆಗಸ್ಟ್‌ನಲ್ಲಿ ನಿಂತವು. ಕೋಲ್ಕತ್ತ ಮತ್ತು ಢಾಕಾ ನಡುವೆ 2008ರಲ್ಲಿ ಆರಂಭವಾಗಿದ್ದ ಮೈತ್ರಿ ಎಕ್ಸ್‌ಪ್ರೆಸ್ 2024ರ ಜುಲೈನಲ್ಲಿ ನಿಂತಿತು. ಮತ್ತೆ ಓಡುತ್ತಿದೆಯೇ ಎಂಬುದನ್ನು ವಿಚಾರಿಸಿಯೇ ಆ ಕಡೆಯ ಯೋಜನೆ ಹಾಕಬೇಕು. ಮ್ಯಾನ್ಮಾರ್‌ನ ಹಳಿಗಂತೂ ನಮ್ಮ ಹಳಿ ಕೂಡಿಯೇ ಇಲ್ಲ.

ನೇಪಾಳಕ್ಕಾದರೆ ಹುಬ್ಬಳ್ಳಿಯಿಂದ ವಾರಾಣಸಿಗೆ ಹೋಗುವ ವಾರದ ಗಾಡಿಯನ್ನು ಹಿಡಿದು, ಅಲ್ಲಿಂದ ಬಿಹಾರದ ಜಯನಗರಕ್ಕೆ ಹೋಗಿ, 2022ರ ಏಪ್ರಿಲ್‌ನಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಮತ್ತೆ ಆರಂಭವಾದ ಗಾಡಿಯಲ್ಲಿ ಜನಕಪುರಕ್ಕೆ ಮುಟ್ಟಬಹುದು. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ದಾರಿ ಚಿಕ್ಕದಾದರೂ ಗಾಡಿಯ ತುಂಬ ಮೈಥಿಲಿ ಮಾತನಾಡುವ, ಗಡಿಯ ಆಚೆ ಈಚೆ ಬೀಗತನ ಇಟ್ಟುಕೊಂಡ ಕುಟುಂಬಗಳೇ ಇರುತ್ತವೆ.

ಮಧ್ಯದಲ್ಲಿ ವಿಮಾನ ಹತ್ತಿದರೆ ಭೂಮಾರ್ಗದ ಪ್ರಯಾಣ ಕೆಟ್ಟಂತಾಗುವುದಿಲ್ಲವೇ?

ಇಲ್ಲ. ಮುಚ್ಚಿದ ಗಡಿಯ ಮುಂದೆ ಹಟ ಹಿಡಿದು ಕೂರುವುದರಿಂದ ಯಾರ ಪರಿಚಯವೂ ಆಗುವುದಿಲ್ಲ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಅಥವಾ ದೆಹಲಿಯಿಂದ ತಾಷ್ಕೆಂಟ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ನೆಲದ ಮೇಲೆಯೇ ಸಾಗುವುದು ಸದ್ಯಕ್ಕೆ ವಿವೇಕದ ದಾರಿ.

ಮೊದಲ ಪ್ರವಾಸಕ್ಕೆ ಯಾವ ಮಾರ್ಗ ಒಳ್ಳೆಯದು?

ವಿಮಾನವನ್ನೇ ಹತ್ತದೆ ಹೋಗಬೇಕೆನ್ನುವವರಿಗೆ ಶ್ರೀಲಂಕಾ ಒಳ್ಳೆಯ ಆರಂಭ. ವಾಸ್ಕೋದಿಂದ ವೇಳಾಂಕಣ್ಣಿಗೆ ಹೋಗುವ ವಾರದ ಗಾಡಿ ಧಾರವಾಡ, ಹುಬ್ಬಳ್ಳಿ, ಹಾವೇರಿಗಳ ಮೇಲೆಯೇ ಹಾದು ನಾಗಪಟ್ಟಣಂ ಮುಟ್ಟುತ್ತದೆ. ಅಲ್ಲಿಂದ ಜಾಫ್ನಾ ಸಮೀಪದ ಕಾಂಗೇಶನ್‌ತುರೈಗೆ 2023ರಲ್ಲಿ ಪ್ರಯಾಣಿಕರ ಹಡಗು ಆರಂಭವಾಯಿತು. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಸಮುದ್ರ ಏಳುವುದರಿಂದ ಅದು ನಿಲ್ಲುವುದುಂಟು. ಹಡಗು ಇಳಿದ ಊರಿನಿಂದಲೇ ಕೊಲಂಬೊ ಕಡೆಗೆ ರೈಲು ಮಾರ್ಗವಿದೆ. ಅಂತರ್ಯುದ್ಧದಲ್ಲಿ ಹಾಳಾಗಿದ್ದ ಈ ಉತ್ತರದ ಹಳಿಯನ್ನು ಮತ್ತೆ ಹಾಕಿ, 2014ರಲ್ಲಿ ಜಾಫ್ನಾದವರೆಗೆ ಗಾಡಿ ಓಡಿಸಲಾಯಿತು. ಆ ಗಾಡಿಯಲ್ಲಿ ಕುಳಿತ ಹಿರಿಯರಲ್ಲಿ ಯುದ್ಧವನ್ನು ಕಣ್ಣಾರೆ ಕಂಡವರು ಅನೇಕರಿರುತ್ತಾರೆ. ಅವರಾಗಿಯೇ ಹೇಳಿದರೆ ಕೇಳಬೇಕು. ನಾವಾಗಿ ಆ ಮಾತನ್ನು ಎತ್ತುವುದು ತರವಲ್ಲ.

ಎರಡನೆಯದು ಬ್ಯಾಂಕಾಕ್‌ನಿಂದ ದಕ್ಷಿಣಕ್ಕೂ ಉತ್ತರಕ್ಕೂ ಸಾಗುವ ಉದ್ದನೆಯ ದಾರಿ. ದಕ್ಷಿಣಕ್ಕೆ ಹೋದರೆ ಬ್ಯಾಂಕಾಕ್‌ನಲ್ಲಿ ಮಧ್ಯಾಹ್ನ ಹತ್ತಿದ ಗಾಡಿ ಮರುದಿನ ಬೆಳಗ್ಗೆ ಮಲೇಷ್ಯಾ ಗಡಿಯ ಪಡಾಂಗ್ ಬೆಸಾರ್ ಮುಟ್ಟುತ್ತದೆ. ಅಲ್ಲಿಂದ ಪೆನಾಂಗ್ ಎದುರಿನ ಬಟರ್‌ವರ್ತ್‌ಗೆ ಅಥವಾ ಕ್ವಾಲಾಲಂಪುರಕ್ಕೆ ಗಾಡಿಗಳಿವೆ. ಉತ್ತರಕ್ಕೆ ಹೋದರೆ 2024ರ ಜುಲೈನಿಂದ ಲಾವೋಸ್‌ನ ವಿಯೆಂಟಿಯಾನ್‌ವರೆಗೆ ನೇರ ಗಾಡಿ ಆರಂಭವಾಗಿದೆ. ವಿಯೆಂಟಿಯಾನ್‌ನಿಂದ ಚೀನದ ಕುನ್‌ಮಿಂಗ್‌ಗೆ 1035 ಕಿಲೋಮೀಟರ್ ಉದ್ದದ ಮಾರ್ಗವು 2021ರ ಡಿಸೆಂಬರ್‌ನಲ್ಲಿ ತೆರೆದು, ಗಡಿ ದಾಟುವ ಪ್ರಯಾಣಿಕರ ಗಾಡಿಗಳು 2023ರ ಏಪ್ರಿಲ್‌ನಲ್ಲಿ ಓಡತೊಡಗಿದವು. ಅದಕ್ಕಿಂತ ಮೊದಲು ಲಾವೋಸ್‌ನಲ್ಲಿ ಇದ್ದ ರೈಲು ಹಳಿ ಕೆಲವೇ ಕಿಲೋಮೀಟರ್‌ನದು. ಆದ್ದರಿಂದ ಬದುಕಿನಲ್ಲಿ ಮೊದಲ ಸಲ ರೈಲು ಹತ್ತಿದ ಹಿರಿಯರು ಅಲ್ಲಿ ಪಕ್ಕದಲ್ಲಿಯೇ ಕುಳಿತಿರಬಹುದು.

ಒಂದೇ ಮಾರ್ಗವನ್ನು ಹೇಳಿ ಎಂದರೆ ಉಜ್ಬೇಕಿಸ್ತಾನವನ್ನೇ ಹೇಳಬೇಕಾಗುತ್ತದೆ. ತಾಷ್ಕೆಂಟ್, ಸಮರಖಂಡ, ಬುಖಾರಾ ಊರುಗಳು ಒಂದೇ ಹಳಿಯ ಮೇಲಿವೆ; ಗಾಡಿಗಳು ಸಮಯಕ್ಕೆ ಸರಿಯಾಗಿ ಓಡುತ್ತವೆ; ಭಾರತದಿಂದ ಬಂದವರೆಂದರೆ ರಾಜ್ ಕಪೂರ್, ಮಿಥುನ್ ಚಕ್ರವರ್ತಿ ಎಂದು ಶುರುಮಾಡುವ ಹಿರಿಯರು ಈಗಲೂ ಸಿಗುತ್ತಾರೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1966ರ ಜನವರಿ 11ರಂದು ನಿಧನರಾದದ್ದು ತಾಷ್ಕೆಂಟ್‌ನಲ್ಲಿಯೇ. ಅವರ ಹೆಸರಿನ ಬೀದಿಯೂ ಸ್ಮಾರಕವೂ ಅಲ್ಲಿವೆ. ಇದಲ್ಲದೆ ಅದು ಹತ್ತಿ ಬೆಳೆಯುವ ದೇಶ. ಹುಬ್ಬಳ್ಳಿ, ಗದಗ ಮಾರುಕಟ್ಟೆಗೆ ಹತ್ತಿ ತರುವ ರೈತ ಕುಟುಂಬದವರು ಅಲ್ಲಿನ ಹಳ್ಳಿಯವರೊಡನೆ ನೀರು, ಹುಳು, ಬಿಡಿಸುವ ಕೂಲಿ, ದರ ಇವುಗಳ ಬಗ್ಗೆ ಮಾತಿಗೆ ಕುಳಿತರೆ ಇಳಿಯುವ ನಿಲ್ದಾಣ ಬಂದದ್ದೂ ತಿಳಿಯುವುದಿಲ್ಲ.

ಜನರ ಪರಿಚಯವಾಗಬೇಕಾದರೆ ಯಾವ ದರ್ಜೆಯ ಟಿಕೆಟ್ ತೆಗೆಯಬೇಕು?

ಸಾಮಾನ್ಯವಾಗಿ ಗಾಡಿಯ ವೇಗ ಹೆಚ್ಚಿದಷ್ಟೂ ಮಾತು ಕಡಿಮೆಯಾಗುತ್ತದೆ. ತಾಷ್ಕೆಂಟ್‌ನಿಂದ ಸಮರಖಂಡಕ್ಕೆ ಸುಮಾರು ಎರಡು ಗಂಟೆಯಲ್ಲಿ ಒಯ್ಯುವ ಅಫ್ರಾಸಿಯೋಬ್ ಗಾಡಿ ಅಚ್ಚುಕಟ್ಟಾಗಿದೆ, ಆದರೆ ಅದರಲ್ಲಿ ಎಲ್ಲರೂ ಮುಂದಿನ ಕುರ್ಚಿಯ ಬೆನ್ನನ್ನು ನೋಡುತ್ತ ಕುಳಿತಿರುತ್ತಾರೆ. ಅದೇ ದೇಶದಲ್ಲಿ, ಕಜಕಸ್ತಾನದಲ್ಲಿಯೂ, ಪ್ಲಾಟ್ಸ್‌ಕಾರ್ಟ್ ಎಂಬ ದರ್ಜೆಯ ಬೋಗಿಯಲ್ಲಿ 54 ಬರ್ತ್‌ಗಳು ಬಾಗಿಲಿಲ್ಲದೆ ತೆರೆದೇ ಇರುತ್ತವೆ. ನಮ್ಮ ಸ್ಲೀಪರ್ ಬೋಗಿಯಲ್ಲಿ ಬೆಳೆದವರಿಗೆ ಅಲ್ಲಿ ಏನನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ: ಕೆಳಗಿನ ಬರ್ತ್‌ನವರು ಹಗಲಿನಲ್ಲಿ ಸರಿದು ಜಾಗ ಕೊಡುತ್ತಾರೆ, ಬೋಗಿಯ ತುದಿಯ ಬಿಸಿನೀರಿನ ಹಂಡೆಯಿಂದ ಯಾರೋ ಒಬ್ಬರು ಚಹಾಕ್ಕೆ ನೀರು ತರುತ್ತಾರೆ, ರೊಟ್ಟಿ ಮುರಿದು ಹಂಚುತ್ತಾರೆ. ಬೋಗಿಯ ಮೇಲ್ವಿಚಾರಕಿಯ ಮಾತೇ ಅಲ್ಲಿ ಕೊನೆಯದಾದ್ದರಿಂದ ಮೊದಲು ಅವರಿಗೆ ನಮಸ್ಕಾರ ಹೇಳುವುದು ಕ್ಷೇಮ.

ಚೀನದಲ್ಲಿ ಮೂರು ಅಂತಸ್ತಿನ, ಬಾಗಿಲಿಲ್ಲದ 'ಯಿಂಗ್ ವೋ' ದರ್ಜೆ ಇದಕ್ಕೆ ಸಮಾನ. ಇನ್ನೂ ಒಳಗಿನ ಬದುಕನ್ನು ಕಾಣಬೇಕೆಂದರೆ ಸಿಚುವಾನ್ ಪ್ರಾಂತದ ಲಿಯಾಂಗ್‌ಶಾನ್ ಬೆಟ್ಟಗಳಲ್ಲಿ ಅತಿ ಕಡಿಮೆ ದರಕ್ಕೆ ಇಂದಿಗೂ ಓಡಿಸುತ್ತಿರುವ ನಿಧಾನ ಗಾಡಿಗಳನ್ನು ಹತ್ತಬೇಕು. ಯಿ ಸಮುದಾಯದ ರೈತರು ಕೋಳಿ, ಹಂದಿ, ತರಕಾರಿಗಳೊಡನೆ ಸಂತೆಗೆ ಹೋಗುವುದು ಅವುಗಳಲ್ಲಿಯೇ. ಹುಬ್ಬಳ್ಳಿ ಕಡೆಗೆ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಕಾಯಿಪಲ್ಲೆ ಬುಟ್ಟಿಗಳ ನಡುವೆ ನಿಂತು ಬಂದವರಿಗೆ ಆ ಗಲಾಟೆ ಪರಕೀಯವೆನಿಸದು.

ಥಾಯ್ಲೆಂಡಿನ ಎರಡನೆಯ ದರ್ಜೆಯ ಸ್ಲೀಪರ್‌ನಲ್ಲಿ ಸಂಜೆಯಾಗುತ್ತಲೇ ಸಿಬ್ಬಂದಿ ಬಂದು ಎದುರುಬದುರಿನ ಆಸನಗಳನ್ನು ಹಾಸಿಗೆ ಮಾಡಿ ಪರದೆ ಎಳೆದುಬಿಡುವುದರಿಂದ ಮಾತು ಬೇಗ ಮುಗಿಯುತ್ತದೆ. ಅಲ್ಲಿ ಹಗಲಿನ ಮೂರನೆಯ ದರ್ಜೆಯೇ ಮೇಲು. ಕಿಟಕಿಗಳು ತೆರೆದಿರುತ್ತವೆ, ತಿಂಡಿ ಮಾರುವವರು ಹತ್ತಿ ಇಳಿಯುತ್ತಿರುತ್ತಾರೆ. ವಿಯೆಟ್ನಾಂನಲ್ಲಿ ಹನೋಯಿಯಿಂದ ಹೋ ಚಿ ಮಿನ್ ನಗರದವರೆಗಿನ 1726 ಕಿಲೋಮೀಟರ್ ದಾರಿಯನ್ನು ಒಂದೇ ಏಟಿಗೆ ಮುಗಿಸದೆ, ಹ್ಯೂ ಮತ್ತು ದ ನಾಂಗ್ ಊರುಗಳಲ್ಲಿ ಇಳಿದು, ಅವೆರಡರ ನಡುವಿನ ಹೈ ವಾನ್ ಘಟ್ಟವನ್ನು ಹಗಲಿನಲ್ಲಿ ಕುಳಿತು ದಾಟುವುದು ಚೆನ್ನ.

ಅವರ ಭಾಷೆ ಬರುವುದಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಮಾತು ಹೇಗೆ?

ಈ ಹೆದರಿಕೆ ಎಲ್ಲರಿಗೂ ಇರುತ್ತದೆ, ಗಾಡಿ ಹತ್ತಿದ ಮೊದಲ ಗಂಟೆಯಲ್ಲಿಯೇ ಹೋಗುತ್ತದೆ. ನೀವು ಹೋಗುವ ಬಹುಪಾಲು ದೇಶಗಳಲ್ಲಿ ಎದುರಿನವರಿಗೂ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ನಿಮ್ಮ ಇಂಗ್ಲಿಷಿನ ಪರೀಕ್ಷೆ ಅಲ್ಲಿ ನಡೆಯುವುದೇ ಇಲ್ಲ. ನಮಸ್ಕಾರ, ಧನ್ಯವಾದ, ಬೇಡ, ಚೆನ್ನಾಗಿದೆ ಎಂಬ ನಾಲ್ಕು ಮಾತುಗಳನ್ನು ಆಯಾ ಭಾಷೆಯಲ್ಲಿ ಕಲಿತು, ಫೋನಿನಲ್ಲಿ ಅನುವಾದದ ಆ್ಯಪ್‌ಗೆ ಬೇಕಾದ ಭಾಷೆಗಳನ್ನು ಇಂಟರ್‌ನೆಟ್ ಇಲ್ಲದೆಯೂ ನಡೆಯುವಂತೆ ಮೊದಲೇ ಇಳಿಸಿಕೊಂಡಿರಬೇಕು. ಮಧ್ಯ ಏಷ್ಯಾದಲ್ಲಿ ಸ್ವಲ್ಪ ರಷ್ಯನ್ ಕಲಿತರೆ ಹಿರಿಯರೊಡನೆ ಬಹಳ ದೂರ ನಡೆಯುತ್ತದೆ. ಚೀನದಲ್ಲಿ ಬೆರಳು ತೋರಿಸಿ ಎಣಿಸುವಾಗ ಎಚ್ಚರಿಕೆ ಬೇಕು: ಹೆಬ್ಬೆರಳು ಮತ್ತು ಕಿರುಬೆರಳು ಚಾಚಿದರೆ ಆರು, ಹೆಬ್ಬೆರಳು ಮತ್ತು ತೋರುಬೆರಳು ಚಾಚಿದರೆ ಎಂಟು. ಎರಡು ಎಂದುಕೊಂಡು ಒಪ್ಪಿದ ದರ ಎಂಟಾಗಿ ಹೊರಬೀಳಬಾರದು.

ಕಾಗದದ ಮೇಲೆ ಅಚ್ಚು ಹಾಕಿಸಿದ ಕೆಲವು ಫೋಟೊಗಳು ಫೋನಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಮನೆಯವರು, ಹೊಲ, ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಶಿ ಬಿದ್ದ ಮೆಣಸಿನಕಾಯಿ, ಉಣಕಲ್ ಕೆರೆ, ಮನೆಯ ಮದುವೆ ಇಂಥ ಚಿತ್ರಗಳು ಕೈಯಿಂದ ಕೈಗೆ ಬೋಗಿಯ ತುಂಬ ಸುತ್ತಿ ಬರುತ್ತವೆ. ಹಾಡಲು ಬರುವವರು ಸಂಕೋಚ ಬಿಟ್ಟು ಹಾಡಬೇಕು. ಗದಗ ಸೀಮೆಯ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಗುರುವನ್ನು ಹುಡುಕುತ್ತ ಮನೆ ಬಿಟ್ಟು, ಹಾಡಿಕೊಂಡೇ ರೈಲಿನಲ್ಲಿ ಉತ್ತರಕ್ಕೆ ಸಾಗಿದ್ದರು. ಆ ಮಟ್ಟದ ಕಂಠ ಎಲ್ಲರಿಗೂ ಇರಲಾರದು, ಆದರೆ ಒಂದು ದಾಸರ ಪದಕ್ಕೆ ಪ್ರತಿಯಾಗಿ ಅವರದೊಂದು ಹಾಡು ಖಂಡಿತ ಬರುತ್ತದೆ.

ಅವರು ಏನೇನು ಕೇಳುತ್ತಾರೆ? ನಾವು ಏನನ್ನು ಕೇಳಬಾರದು?

ವಯಸ್ಸೆಷ್ಟು, ಮದುವೆಯಾಗಿದೆಯೇ, ಮಕ್ಕಳೆಷ್ಟು, ಪಗಾರ ಎಷ್ಟು ಎಂದು ನೇರವಾಗಿ ಕೇಳುತ್ತಾರೆ. ಐರೋಪ್ಯ ಪ್ರವಾಸಿಗರು ಇದರಿಂದ ಮುಜುಗರ ಪಡುತ್ತಾರೆ; ನಮ್ಮಲ್ಲಿಯೂ ಯಾವ ಊರು, ಯಾರ ಪೈಕಿ ಎಂದು ಕೇಳದೆ ಮಾತು ಮುಂದುವರಿಯುವುದಿಲ್ಲವಾದ್ದರಿಂದ ನಾವು ಮುಜುಗರ ಪಡಬೇಕಾಗಿಲ್ಲ. ವಿಯೆಟ್ನಾಂನಲ್ಲಿ ವಯಸ್ಸು ತಿಳಿಯದೆ ಅಣ್ಣ, ಅಕ್ಕ, ತಮ್ಮ ಎಂಬ ಸಂಬೋಧನೆಯೇ ಕೂಡುವುದಿಲ್ಲ, ಹಾಗಾಗಿ ಅದು ಮೊದಲ ಪ್ರಶ್ನೆ. ಪಗಾರ ಹೇಳಲು ಮನಸ್ಸಿಲ್ಲದಿದ್ದರೆ ಮನೆ ನಡೆಯುವಷ್ಟು ಬರುತ್ತದೆ ಎಂದರೆ ಯಾರೂ ಒತ್ತಾಯಿಸುವುದಿಲ್ಲ.

ರಾಜಕೀಯದ ಮಾತನ್ನು ಮಾತ್ರ ನಾವಾಗಿ ತೆಗೆಯಬಾರದು. ಥಾಯ್ಲೆಂಡಿನಲ್ಲಿ ಅರಸು ಮನೆತನವನ್ನು ನಿಂದಿಸುವುದು ಕಠಿಣ ಶಿಕ್ಷೆಯ ಅಪರಾಧ. ಚೀನ, ಲಾವೋಸ್, ವಿಯೆಟ್ನಾಂಗಳಲ್ಲಿ ಸರ್ಕಾರದ ಬಗ್ಗೆ ಅಭಿಪ್ರಾಯ ಕೇಳಿದರೆ ನಾವು ನಾಳೆ ಊರಿಗೆ ಹೊರಟುಬಿಡುತ್ತೇವೆ, ತೊಂದರೆಗೆ ಸಿಲುಕುವವರು ಅಲ್ಲಿಯವರು.

ಶಾಕಾಹಾರಿಗಳು ಏನು ತಿನ್ನಬೇಕು?

ಒಗ್ಗಿಕೊಳ್ಳುವ ಗುಣವಿದ್ದರೆ ಉಪವಾಸ ಬೀಳುವುದಿಲ್ಲ. ಮಸಾಲೆಯ ರುಚಿಯನ್ನು ಎಲ್ಲೆಡೆ ಬಯಸಿದರೆ ಕಷ್ಟ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರದ 'ಜೇ' ಗುರುತಿರುವ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ವಿಯೆಟ್ನಾಂನಲ್ಲಿ 'ಚಾಯ್' ಎಂದು ಬರೆದ ಖಾನಾವಳಿಗಳು ಬೌದ್ಧ ಮಠಗಳ ಆಸುಪಾಸಿನಲ್ಲಿ ಸಿಗುತ್ತವೆ. ಲಾವೋಸ್‌ನಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುವುದು ಸಾಮಾನ್ಯವಾದ್ದರಿಂದ ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. ಉಜ್ಬೇಕಿಸ್ತಾನದ ಅಡುಗೆ ಮಾಂಸದ ಮೇಲೆಯೇ ನಿಂತಿದೆ. ಆದರೆ ತಂದೂರಿನ ನಾನ್, ಟೊಮ್ಯಾಟೊ-ಉಳ್ಳಾಗಡ್ಡಿಯ ಕೋಸಂಬರಿ, ಮೊಸರು, ಕರಬೂಜ, ಒಣದ್ರಾಕ್ಷಿ, ಬಾದಾಮಿಗಳಿಗೆ ಕೊರತೆಯಿಲ್ಲ.

ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಬಹಳ ದಿನ ಕೆಡದೆ ಉಳಿಯುತ್ತವೆ, ಮತ್ತು ಬಿಸಿ ಮಾಡದೆಯೇ ಹಂಚಬಹುದು. ಹಿಂಡಿಯ ಖಾರವನ್ನು ಮಾತ್ರ ಮೊದಲೇ ತಿಳಿಸಿ ಕೊಡಬೇಕು.

ಉಡುಗೊರೆಯಾಗಿ ಧಾರವಾಡ ಪೇಡಾ ಒಯ್ಯಬಹುದೇ?

ಎಲ್ಲ ದೇಶಗಳಿಗೂ ಒಯ್ಯುವಂತಿಲ್ಲ. ಚೀನವು ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ, ಹಣ್ಣು, ಬೀಜಗಳನ್ನು ತರುವುದನ್ನು ನಿಷೇಧಿಸಿದೆ. ಪೇಡಾ ಹಾಲಿನದಾದ್ದರಿಂದ ಗಡಿಯಲ್ಲಿಯೇ ಕಸದ ಬುಟ್ಟಿ ಸೇರುತ್ತದೆ. ಬೀಜವಿರುವ ಬ್ಯಾಡಗಿ ಮೆಣಸಿನಕಾಯಿ, ಹಾವೇರಿಯ ಯಾಲಕ್ಕಿ ಮಾಲೆ ಕೂಡ ಅನುಮಾನದ ವಸ್ತುಗಳೇ. ಎಲ್ಲಿಯೂ ತಕರಾರಿಲ್ಲದೆ ದಾಟುವ, ಹಗುರವಾದ ಉಡುಗೊರೆಯೆಂದರೆ ಕಸೂತಿ ಹಾಕಿದ ಚಿಕ್ಕ ಚೀಲ ಅಥವಾ ಕರವಸ್ತ್ರ. ಗೋಪುರ, ತೇರು, ಆನೆಗಳನ್ನು ಗಂಟು ಕಾಣದಂತೆ ಎಣಿಸಿ ಹೊಲಿದದ್ದನ್ನು ಕಂಡರೆ, ತಮ್ಮದೇ ಸೂಜಿ ಕೆಲಸದ ಪರಂಪರೆಯುಳ್ಳ ಉಜ್ಬೇಕ್ ಹೆಂಗಸರು ತಿರುಗಿಸಿ ಹಿಂಬದಿಯನ್ನು ನೋಡದೆ ಬಿಡುವುದಿಲ್ಲ.

ಮನೆಗೆ ಕರೆದರೆ ಹೋಗಬಹುದೇ?

ಹಗಲಿನ ಊಟಕ್ಕೆ ಕರೆದರೆ, ಕುಟುಂಬದ ಹೆಂಗಸರು ಮಕ್ಕಳೊಂದಿಗೆ ಪ್ರಯಾಣಿಸುವವರಾಗಿದ್ದರೆ, ಹೋಗಬಹುದು. ಹಣ್ಣನ್ನೋ ಸಿಹಿಯನ್ನೋ ಕೈಯಲ್ಲಿ ಹಿಡಿದೇ ಹೋಗಬೇಕು. ಉಜ್ಬೇಕ್ ಮನೆಗಳಲ್ಲಿ ನಾನ್ ರೊಟ್ಟಿಯನ್ನು ಬೋರಲಾಗಿ ಇಡುವುದಿಲ್ಲ. ಚಹಾವನ್ನು ಪಿಂಗಾಣಿ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾರೆ, ಅದು ಜಿಪುಣತನವಲ್ಲ. ಮತ್ತೆ ಮತ್ತೆ ಹಾಕಿ ಉಪಚರಿಸುವುದೇ ಅಲ್ಲಿ ಗೌರವ. ಥಾಯ್ಲೆಂಡ್, ಲಾವೋಸ್‌ಗಳಲ್ಲಿ ಮಕ್ಕಳ ತಲೆ ಸವರಬಾರದು, ಯಾರ ಕಡೆಗೂ ಕಾಲು ಚಾಚಬಾರದು. ಹೆಂಗಸರು ಬೌದ್ಧ ಭಿಕ್ಷುಗಳನ್ನು ಮುಟ್ಟಬಾರದು, ಅವರ ಪಕ್ಕದ ಆಸನದಲ್ಲಿ ಕೂರಬಾರದು.

ರಾತ್ರಿ ಉಳಿಯುವುದು ಬೇರೆಯೇ ವಿಷಯ. ಚೀನದಲ್ಲಿ ಖಾಸಗಿ ಮನೆಯಲ್ಲಿ ತಂಗಿದ ವಿದೇಶಿಯರು 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ದಾಖಲಿಸಬೇಕು. ವಿಯೆಟ್ನಾಂನಲ್ಲಿ ಮನೆಯವರು ಇದನ್ನು ತಿಳಿಸಬೇಕು. ಉಜ್ಬೇಕಿಸ್ತಾನದಲ್ಲಿಯೂ ತಂಗಿದ ಜಾಗದ ನೋಂದಣಿಯ ನಿಯಮವಿದೆ, ಹೋಟೆಲಿನವರು ಕೊಟ್ಟ ಚೀಟಿಯನ್ನು ದೇಶ ಬಿಡುವವರೆಗೆ ಇಟ್ಟುಕೊಳ್ಳಬೇಕು. ಉಪಚರಿಸಿದ ಮನೆಯವರಿಗೆ ಠಾಣೆಯ ತಿರುಗಾಟ ತಂದಿಡುವುದಕ್ಕಿಂತ ಊಟ ಮುಗಿಸಿ ಹೋಟೆಲಿಗೆ ಮರಳುವುದೇ ಲೇಸು.

ರೈಲಿನಲ್ಲಿ ಗಡಿ ದಾಟುವುದು ಹೇಗೆ?

ಪಡಾಂಗ್ ಬೆಸಾರ್‌ನಲ್ಲಿ ಥಾಯ್ಲೆಂಡ್ ಮತ್ತು ಮಲೇಷ್ಯಾ ಎರಡರ ತಪಾಸಣೆಯೂ ಒಂದೇ ನಿಲ್ದಾಣದೊಳಗೆ ಮುಗಿಯುತ್ತದೆ. ಲಾವೋಸ್ ಮತ್ತು ಚೀನದ ನಡುವೆ ಲಾವೋಸ್ ಕಡೆಯ ಬೋಟೆನ್‌ನಲ್ಲಿ ಒಮ್ಮೆ, ಚೀನದ ಕಡೆಯ ಮೋಹಾನ್‌ನಲ್ಲಿ ಮತ್ತೊಮ್ಮೆ ಎಲ್ಲ ಸಾಮಾನಿನೊಡನೆ ಇಳಿಯಬೇಕು. ಚಾಕು, ಸ್ಪ್ರೇ ಡಬ್ಬಿಗಳನ್ನು ನಿಲ್ದಾಣದ ಬಾಗಿಲಲ್ಲಿಯೇ ತೆಗೆದಿಡುತ್ತಾರೆ. ಈ ಸಾಲಿನಲ್ಲಿ ನಿಂತಾಗ ಅರ್ಜಿ ತುಂಬಲು ಬಾರದ ಹಿರಿಯರಿಗೆ ಸಹಾಯ ಮಾಡಿದರೆ ಮುಂದಿನ ದಾರಿಯೆಲ್ಲ ಅವರ ಕುಟುಂಬವೇ ನಿಮ್ಮದಾಗುತ್ತದೆ. ಆದರೆ ಎಷ್ಟೇ ಪರಿಚಯವಾಗಿರಲಿ, ಇನ್ನೊಬ್ಬರ ಚೀಲವನ್ನು ಗಡಿಯಾಚೆ ಹೊತ್ತುಕೊಂಡು ಹೋಗಬಾರದು.

ಹಳಿಯ ಅಗಲವೂ ಬದಲಾಗುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಚೀನದ್ದು 1435, ಕಜಕಸ್ತಾನ ಮತ್ತು ರಷ್ಯಾದ್ದು 1520. ಥಾಯ್ಲೆಂಡ್, ಮಲೇಷ್ಯಾಗಳದ್ದು 1000, ಅಂದರೆ ನಮ್ಮ ಹಳೆಯ ಮೀಟರ್ ಗೇಜ್. ಗದಗಿನಿಂದ ವಿಜಯಪುರಕ್ಕೆ ಆ ಚಿಕ್ಕ ಗಾಡಿಯಲ್ಲಿ ಓಡಾಡಿದ ಹಿರಿಯರಿಗೆ ಥಾಯ್ಲೆಂಡಿನ ಬೋಗಿಯೊಳಗೆ ಕಾಲಿಟ್ಟ ಕೂಡಲೇ ಗುರುತು ಹತ್ತುತ್ತದೆ.

ವೀಸಾ, ಟಿಕೆಟ್, ಹಣ, ಫೋನ್?

ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಹೊಸದಕ್ಕೆ ಹುಬ್ಬಳ್ಳಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ವಿಯೆಟ್ನಾಂ, ಉಜ್ಬೇಕಿಸ್ತಾನಗಳಿಗೆ ಇ-ವೀಸಾ ಸಿಗುತ್ತದೆ. ಕಜಕಸ್ತಾನವು 2022ರಿಂದ ಭಾರತೀಯರಿಗೆ 14 ದಿನ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದೆ. ಚೀನಕ್ಕೆ ಮುಂಚಿತವಾಗಿ ವೀಸಾ ಮಾಡಿಸಲೇಬೇಕು. ನಮ್ಮ ರೈಲುಗಳ ಮುಂಗಡ ಟಿಕೆಟ್ 60 ದಿನ ಮೊದಲು ತೆರೆದರೆ ಚೀನದ್ದು ಸುಮಾರು 15 ದಿನ ಮೊದಲು, ಮತ್ತು ಅಲ್ಲಿ ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ಯುಪಿಐ ನೇಪಾಳ, ಶ್ರೀಲಂಕಾಗಳ ಕೆಲವೆಡೆ ನಡೆಯುತ್ತದೆ. ಚೀನದಲ್ಲಿ ವಿದೇಶಿ ಕಾರ್ಡನ್ನು ಅಲಿಪೇ ಎಂಬ ಹಣ ಪಾವತಿಯ ಆ್ಯಪ್‌ಗೆ ಜೋಡಿಸಿಕೊಂಡು ಹೋಗಬೇಕು. ವಾಟ್ಸ್‌ಆ್ಯಪ್, ಗೂಗಲ್ ಚೀನದ ಸ್ಥಳೀಯ ಸಿಮ್‌ನಲ್ಲಿ ತೆರೆಯುವುದಿಲ್ಲ. ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ತೆರೆಯುತ್ತವೆ. ಮನೆಯವರು ಗಾಬರಿಯಾಗದಂತೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ನೋವಿನ ಮಾತ್ರೆ, ಕೆಮ್ಮಿನ ಔಷಧಗಳಲ್ಲಿ ಟ್ರಮಾಡಾಲ್, ಕೋಡೀನ್ ಇದ್ದರೆ ಮಧ್ಯ ಏಷ್ಯಾದ ಗಡಿಗಳಲ್ಲಿ ದೊಡ್ಡ ತೊಂದರೆಯಾಗಬಹುದು. ಬದಲಿ ಔಷಧವನ್ನು ವೈದ್ಯರಿಂದ ಬರೆಸಿಕೊಳ್ಳಿ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದೇ?

ಹೋಗುತ್ತಿದ್ದಾರೆ. ತೆರೆದ ಬೋಗಿಯಲ್ಲಿ ಎಲ್ಲರ ಕಣ್ಣಿದ್ದು, ನಾಲ್ಕು ಬರ್ತ್‌ಗಳ ಮುಚ್ಚಿದ ಕೋಣೆಯಲ್ಲಿ ಅದಿಲ್ಲವಾದ್ದರಿಂದ ದುಬಾರಿ ಟಿಕೆಟ್ ಹೆಚ್ಚು ಸುರಕ್ಷಿತವೆಂದು ತಿಳಿಯಬಾರದು. ಥಾಯ್ಲೆಂಡಿನ ಕೆಲವು ರಾತ್ರಿ ಗಾಡಿಗಳಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿಯೇ ಪ್ರತ್ಯೇಕ ಬೋಗಿಯಿದೆ. ಹತ್ತಿದ ಕೂಡಲೇ ಪಕ್ಕದ ಕುಟುಂಬದ ಅಜ್ಜಿಯೊಬ್ಬರ ಸ್ನೇಹ ಮಾಡಿಕೊಂಡರೆ ಉಳಿದ ಕಾವಲನ್ನು ಅವರೇ ನೋಡಿಕೊಳ್ಳುತ್ತಾರೆ.

ಸೈಬೀರಿಯಾ ಮಾರ್ಗದ ಬಗ್ಗೆ ಏನು ಹೇಳುತ್ತೀರಿ?

ಮಾಸ್ಕೋದಿಂದ ವ್ಲಾಡಿವೊಸ್ಟೋಕ್‌ಗೆ 9289 ಕಿಲೋಮೀಟರ್, ಸುಮಾರು ಏಳು ದಿನ. ಬಹುಕಾಲದ ಆಸೆಯೆಂದು ಹೇಳಿಕೊಂಡು ಬರುವವರಿಗೂ ಮೊದಲ ಪ್ರವಾಸಕ್ಕೆ ಇದು ಬೇಡವೆಂದೇ ನಮ್ಮ ಸಲಹೆ. 2022ರ ಮಾರ್ಚ್‌ನಿಂದ ಹೊರದೇಶದಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಬ್ಯಾಂಕ್ ಕಾರ್ಡ್‌ಗಳು ರಷ್ಯಾದಲ್ಲಿ ನಡೆಯದ ಕಾರಣ ಪೂರ್ತಿ ಖರ್ಚನ್ನು ನಗದಾಗಿ ಒಯ್ಯಬೇಕಾಗುತ್ತದೆ. ಭಾರತೀಯರಿಗೆ 2023ರಿಂದ ಇ-ವೀಸಾ ಸಿಗುತ್ತಿದ್ದರೂ ಎಲ್ಲ ಗಡಿ ಠಾಣೆಗಳಲ್ಲಿ ಅದನ್ನು ಒಪ್ಪುವುದಿಲ್ಲ. ರೈಲಿನಲ್ಲಿ ಒಳಹೋಗುವವರು ತಾವು ದಾಟುವ ಠಾಣೆ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಟಿಕೆಟ್ ತೆಗೆಯಬೇಕು. ಹೊರಟೇ ತೀರುವವರು ಏಳು ದಿನ ಒಂದೇ ಗಾಡಿಯಲ್ಲಿ ಕೂರದೆ, ಬೈಕಲ್ ಸರೋವರಕ್ಕೆ ಸಮೀಪದ ಇರ್ಕುಟ್ಸ್ಕ್‌ನಲ್ಲಿಯಾದರೂ ಇಳಿದು, ಅಲ್ಲಿಂದ ಮುಂದಕ್ಕೆ ಬೇರೆ ಗಾಡಿಯ ಪ್ಲಾಟ್ಸ್‌ಕಾರ್ಟ್ ಟಿಕೆಟ್ ತೆಗೆಯುವುದು ಒಳ್ಳೆಯದು.